ನೇರ ಬ್ಯಾಟು, ನೇರ ನಡೆ

ಪ್ರವೇಶ : ಆಟದಲ್ಲಿ ಸೋಲು ಗೆಲುವು ಸಹಜ. ಆದರೆ ಹೇಗೆ ಗೆದ್ದೆವು, ಹೇಗೆ ಸೋತೆವು ಎಂಬುದು ಬಹಳ ಮುಖ್ಯ. ಸುತ್ತಮುತ್ತ ಮೋಸದ ಸುದ್ದಿಗಳು ಕೇಳಿಬರುತ್ತಿದ್ದಾಗಲೂ ನೇರವಾಗಿ ನಡೆದ ಒಬ್ಬ ಆಟಗಾರ, ನಾಯಕ, ತರಬೇತುದಾರರನ್ನು ಈ ಪಾಠ ಪರಿಚಯಿಸುತ್ತದೆ.

ಮಕ್ಕಳೇ,

ಶಾಲೆ ಬಿಟ್ಟ ಮೇಲೆ ನೀವು ಬಯಲಿನಲ್ಲಿ ಕ್ರಿಕೆಟ್ ಆಡುತ್ತೀರಿ ಅಲ್ಲವೇ? ಮೂರು ಕಡ್ಡಿಗಳನ್ನು ನೆಟ್ಟರೆ ಅದೇ ವಿಕೆಟ್ಟು. ಒಂದು ಹಲಗೆಯ ತುಂಡು ಸಿಕ್ಕರೆ ಅದೇ ಬ್ಯಾಟು. ಬೇರಿಕೆಯಂತಹ ಊರಿನ ಬಯಲಿನಲ್ಲಿ ಅಂಪೈರ್ ಇರುವುದಿಲ್ಲ. ಟೀವಿ ಕ್ಯಾಮೆರಾವೂ ಇರುವುದಿಲ್ಲ.

ಈಗ ಒಂದು ಪ್ರಶ್ನೆ. ನೀವು ಬ್ಯಾಟು ಹಿಡಿದು ನಿಂತಿದ್ದೀರಿ. ಚೆಂಡು ನಿಮ್ಮ ಬ್ಯಾಟಿನ ಅಂಚಿಗೆ ಮೆಲ್ಲಗೆ ತಾಗಿ ಹಿಂದೆ ಹೋಯಿತು. ಹಿಂದೆ ನಿಂತ ಗೆಳೆಯ ಅದನ್ನು ಹಿಡಿದ. "ತಾಗಿತಾ?" ಎಂದು ಎಲ್ಲರೂ ಕೇಳುತ್ತಾರೆ. ತಾಗಿದ್ದು ನಿಮಗೊಬ್ಬರಿಗೇ ಗೊತ್ತು. ಗೆಲ್ಲಲು ಇನ್ನು ನಾಲ್ಕೇ ಓಟ ಬೇಕು. ನೀವು ಏನು ಹೇಳುತ್ತೀರಿ?

ಉತ್ತರವನ್ನು ಈಗಲೇ ಹೇಳಬೇಡಿ. ಮೊದಲು ಒಬ್ಬರ ಕಥೆಯನ್ನು ಓದಿರಿ.

ಬೇರಿಕೆಯಿಂದ ಬಾಗಲೂರು ದಾರಿಯಾಗಿ ಹೊಸೂರಿಗೆ ಹೋಗಬಹುದು. ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರು. ಆ ಬೆಂಗಳೂರಿನಲ್ಲಿ ಬೆಳೆದವರು ರಾಹುಲ್ ದ್ರಾವಿಡ್. ಅವರು ಹುಟ್ಟಿದ್ದು 1973ರ ಜನವರಿ 11ರಂದು, ಮಧ್ಯಪ್ರದೇಶದ ಇಂದೂರಿನಲ್ಲಿ. ತಂದೆ ಶರದ್ ದ್ರಾವಿಡ್ ಜಾಮ್ ತಯಾರಿಸುವ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. ಅದಕ್ಕೇ ಗೆಳೆಯರು ರಾಹುಲರನ್ನು 'ಜಾಮಿ' ಎಂದು ಪ್ರೀತಿಯಿಂದ ಕರೆಯುತ್ತಿದ್ದರು. ತಾಯಿ ಪುಷ್ಪಾ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ವಾಸ್ತುಶಿಲ್ಪದ ಪ್ರಾಧ್ಯಾಪಕಿಯಾಗಿದ್ದರು. ಕೇಕಿ ತಾರಾಪೂರ್ ಎಂಬ ಹಿರಿಯ ಗುರುಗಳು ರಾಹುಲರಿಗೆ ಆಟ ಕಲಿಸಿದರು. ಬ್ಯಾಟನ್ನು ನೇರವಾಗಿ ಹಿಡಿಯಬೇಕು, ಚೆಂಡನ್ನು ನೆಲದ ಮೇಲೆಯೇ ಹೊಡೆಯಬೇಕು, ತಾಳ್ಮೆ ಬಿಡಬಾರದು. ಇದು ಅವರು ಕಲಿತ ಪಾಠ.

1996ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಲಾರ್ಡ್ಸ್ ಮೈದಾನದಲ್ಲಿ ದ್ರಾವಿಡ್ ತಮ್ಮ ಮೊದಲ ಟೆಸ್ಟ್ ಪಂದ್ಯ ಆಡಿದರು. 95 ಓಟಗಳನ್ನು ಗಳಿಸಿದರು. ಮುಂದೆ 16 ವರ್ಷಗಳ ಕಾಲ ಆಡಿ, 164 ಟೆಸ್ಟ್ ಪಂದ್ಯಗಳಲ್ಲಿ 13,288 ಓಟ ಗಳಿಸಿದರು. 2001ರಲ್ಲಿ ಕೋಲ್ಕತ್ತಾದಲ್ಲಿ ಸೋಲುವ ಹಂತದಲ್ಲಿದ್ದ ಭಾರತವನ್ನು ಲಕ್ಷ್ಮಣ್ ಮತ್ತು ದ್ರಾವಿಡ್ 376 ಓಟಗಳ ಜೊತೆಯಾಟದಿಂದ ಮೇಲೆತ್ತಿದರು. ಟೆಸ್ಟ್ ಪಂದ್ಯಗಳಲ್ಲಿ ಅವರು ಎದುರಿಸಿದ ಚೆಂಡುಗಳು 31,258. ಇಷ್ಟು ಚೆಂಡುಗಳನ್ನು ಬೇರೆ ಯಾರೂ ಎದುರಿಸಿಲ್ಲ. ಅದಕ್ಕಾಗಿ ಜನರು ಅವರನ್ನು 'ಗೋಡೆ' ಎಂದು ಕರೆದರು.

ಆದರೆ ಈ ಪಾಠ ಅವರ ಓಟಗಳ ಬಗ್ಗೆ ಅಲ್ಲ. ಅವರ ನಡತೆಯ ಬಗ್ಗೆ.

ನಂಬಿಕೆಗೆ ಬಿದ್ದ ಪೆಟ್ಟು

2000ನೇ ಇಸವಿಯಲ್ಲಿ ಕ್ರಿಕೆಟ್ ಲೋಕಕ್ಕೆ ದೊಡ್ಡ ಆಘಾತವಾಯಿತು. ಕೆಲವು ದೇಶಗಳ ಆಟಗಾರರು ಜೂಜುಕೋರರಿಂದ ಹಣ ಪಡೆದಿದ್ದಾರೆ ಎಂಬ ಸುದ್ದಿ ಹೊರಬಂದಿತು. ಆ ವರ್ಷ ಹಲವು ದೇಶಗಳಲ್ಲಿ ವಿಚಾರಣೆಗಳು ನಡೆದವು. ನಮ್ಮ ದೇಶದ ಕೆಲವು ಆಟಗಾರರ ಮೇಲೂ ನಿಷೇಧ ಬಂದಿತು. "ನಾವು ನೋಡಿದ ಪಂದ್ಯ ನಿಜವೋ ಸುಳ್ಳೋ?" ಎಂದು ಜನ ಕೇಳತೊಡಗಿದರು. ಚಪ್ಪಾಳೆ ತಟ್ಟಿದ್ದ ಕೈಗಳಿಗೆ ನಾಚಿಕೆಯಾಯಿತು.

ಆ ಸಮಯದಲ್ಲಿ ಭಾರತ ತಂಡದಲ್ಲಿದ್ದ ಸೌರವ್ ಗಂಗೂಲಿ, ಸಚಿನ್ ತೆಂಡೂಲ್ಕರ್, ಕರ್ನಾಟಕದ ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್ ಮತ್ತು ರಾಹುಲ್ ದ್ರಾವಿಡ್ ಅವರ ಮುಂದೆ ಕಷ್ಟದ ಕೆಲಸವಿತ್ತು. ಪಂದ್ಯ ಗೆದ್ದರೆ ಸಾಲದು, ಜನರ ನಂಬಿಕೆಯನ್ನೂ ಮರಳಿ ಗೆಲ್ಲಬೇಕಿತ್ತು. ಮುರಿದ ಮಡಕೆಯನ್ನು ಅಂಟಿಸುವುದು ಹೊಸ ಮಡಕೆ ಮಾಡುವುದಕ್ಕಿಂತ ಕಷ್ಟ. ವರ್ಷಗಟ್ಟಲೆ ಅವರು ಪ್ರಾಮಾಣಿಕವಾಗಿ ಆಡಿದರು. ಜನ ಮತ್ತೆ ಮೈದಾನಕ್ಕೆ ಬಂದರು.

ತಪ್ಪು ಮಾಡದವರು ಯಾರು?

ಒಳ್ಳೆಯವರಿಂದ ತಪ್ಪೇ ಆಗುವುದಿಲ್ಲ ಎಂದು ತಿಳಿಯಬೇಡಿ. 2004ರ ಜನವರಿಯಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಭಾರತ ಮತ್ತು ಜಿಂಬಾಬ್ವೆ ತಂಡಗಳ ನಡುವೆ ಪಂದ್ಯ ನಡೆಯಿತು. ದ್ರಾವಿಡ್ ಬಾಯಲ್ಲಿ ಗಂಟಲಿನ ಗುಳಿಗೆಯನ್ನು ಚೀಪುತ್ತಿದ್ದರು. ಅದು ಅವರ ಬೆರಳಿನಿಂದ ಚೆಂಡಿಗೆ ತಾಗಿದ್ದು ಕ್ಯಾಮೆರಾದಲ್ಲಿ ಕಂಡಿತು. ಚೆಂಡಿಗೆ ಹೊರಗಿನ ಯಾವ ವಸ್ತುವನ್ನೂ ಹಚ್ಚಬಾರದು ಎಂಬುದು ನಿಯಮ. ಅದು ಅರಿಯದೆ ಆದ ತಪ್ಪು ಎಂದು ತಂಡದವರು ಹೇಳಿದರು. ಆದರೂ ಪಂದ್ಯದ ಸಂಭಾವನೆಯಲ್ಲಿ ಅರ್ಧವನ್ನು ದಂಡವಾಗಿ ಕಟ್ಟಬೇಕಾಯಿತು. ನಿಯಮಕ್ಕೆ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ.

ಒಂದು ತಪ್ಪಿನ ನಂತರ ಮನುಷ್ಯ ಹೇಗೆ ನಡೆಯುತ್ತಾನೆ ಎಂಬುದನ್ನು ನೋಡಿ ಅವನನ್ನು ಅಳೆಯಬೇಕು. ಇನ್ನೊಂದು ಘಟನೆ ಕೇಳಿ. 2011ರ ಆಗಸ್ಟ್ ತಿಂಗಳು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಟೆಸ್ಟ್ ಪಂದ್ಯ. ಚೆಂಡು ದ್ರಾವಿಡ್ ಬ್ಯಾಟಿನ ಪಕ್ಕದಲ್ಲಿ ಹಾದು ವಿಕೆಟ್ ಕೀಪರ್ ಕೈ ಸೇರಿತು. 'ಟಿಕ್' ಎಂಬ ಸದ್ದು ಕೇಳಿಸಿತು. ಅಂಪೈರ್ ಔಟ್ ಎಂದರು. ಮತ್ತೊಮ್ಮೆ ಪರಿಶೀಲಿಸಿ ಎಂದು ಕೇಳುವ ಅವಕಾಶ ಇತ್ತು. ದ್ರಾವಿಡ್ ಕೇಳಲಿಲ್ಲ. ಸದ್ದು ತಮಗೂ ಕೇಳಿಸಿತ್ತು. ಚೆಂಡು ಬ್ಯಾಟಿಗೆ ತಾಗಿರಬೇಕು ಎಂದು ನಂಬಿ ನಡೆದುಬಿಟ್ಟರು. ಆಮೇಲೆ ನೋಡಿದರೆ ಅದು ಚೆಂಡಿನ ಸದ್ದಲ್ಲ! ಶೂಸಿನ ದಾರದ ತುದಿ ಬ್ಯಾಟಿಗೆ ಬಡಿದ ಸದ್ದು! ಔಟಾಗದೆ ಔಟಾದರು. ಆ ದಿನ ಅವರ ಓಟ ಕಡಿಮೆಯಾಯಿತು. ಅವರ ಮೇಲಿನ ಗೌರವ ಕಡಿಮೆಯಾಗಲಿಲ್ಲ.

ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಆಸ್ಟ್ರೇಲಿಯದ ಕ್ಯಾನ್ಬೆರಾ ನಗರದಲ್ಲಿ ಬ್ರಾಡ್ಮನ್ ಹೆಸರಿನ ಉಪನ್ಯಾಸ ನೀಡಲು ಅವರನ್ನು ಕರೆದರು. ಆಟ ಶುದ್ಧವಾಗಿ ಉಳಿಯಬೇಕಾದರೆ ಆಟಗಾರರು ಯಾವ ಪರೀಕ್ಷೆಗೂ ಸಿದ್ಧರಾಗಬೇಕು, ಸುಳ್ಳು ಪತ್ತೆ ಮಾಡುವ ಯಂತ್ರದ ಪರೀಕ್ಷೆಗೂ ಹಿಂಜರಿಯಬಾರದು ಎಂಬ ಮಾತನ್ನು ಅಲ್ಲಿ ಹೇಳಿದರು. ತಪ್ಪು ಮಾಡದವನಿಗೆ ಪರೀಕ್ಷೆಯ ಭಯವೇಕೆ?

ತನ್ನ ತಂಡದಲ್ಲೇ ಬಿರುಗಾಳಿ

ಒಂದೂವರೆ ವರ್ಷದೊಳಗೆ ಆ ಮಾತಿಗೆ ಪರೀಕ್ಷೆ ಬಂದಿತು. 2013ರಲ್ಲಿ ದ್ರಾವಿಡ್ ಐಪಿಎಲ್ ಪಂದ್ಯಾವಳಿಯ ರಾಜಸ್ಥಾನ ತಂಡದ ನಾಯಕರಾಗಿದ್ದರು. ತಂಡ ಚೆನ್ನಾಗಿ ಆಡುತ್ತಿತ್ತು. ಮೇ 16ರಂದು ದೆಹಲಿ ಪೊಲೀಸರು ಅದೇ ತಂಡದ ಮೂವರು ಆಟಗಾರರನ್ನು ಬಂಧಿಸಿದರು. ಜೂಜುಕೋರರ ಜೊತೆ ಸೇರಿ ಬೇಕೆಂದೇ ಓಟ ಬಿಟ್ಟುಕೊಟ್ಟರು ಎಂಬುದು ಅವರ ಮೇಲಿನ ಆರೋಪ. ಕ್ರಿಕೆಟ್ ಮಂಡಳಿ ಆ ಆಟಗಾರರಿಗೆ ನಿಷೇಧ ವಿಧಿಸಿತು. ಪೊಲೀಸರು ಹೂಡಿದ ಮೊಕದ್ದಮೆಯಿಂದ ದೆಹಲಿಯ ನ್ಯಾಯಾಲಯ 2015ರಲ್ಲಿ ಅವರನ್ನು ಬಿಡುಗಡೆ ಮಾಡಿತು. ಆದರೆ ಆ ಮೇ ತಿಂಗಳಿನಲ್ಲಿ ಇಡೀ ತಂಡದ ಮೇಲೆ ಸಂದೇಹದ ನೆರಳು ಬಿದ್ದಿತ್ತು.

ಯೋಚಿಸಿ ನೋಡಿ. ಜೊತೆಯಲ್ಲಿ ಊಟ ಮಾಡಿದವರು, ಜೊತೆಯಲ್ಲಿ ಅಭ್ಯಾಸ ಮಾಡಿದವರು. ಅವರ ಬಗ್ಗೆಯೇ ಇಂತಹ ಸುದ್ದಿ ಬಂದರೆ ನಾಯಕನಿಗೆ ಹೇಗಾಗಬೇಡ? ಮರುದಿನವೇ ಹೈದರಾಬಾದಿನಲ್ಲಿ ಪಂದ್ಯವಿತ್ತು. ದ್ರಾವಿಡ್ ಓಡಿಹೋಗಲಿಲ್ಲ. ಉಳಿದ ಆಟಗಾರರನ್ನು ಕರೆದುಕೊಂಡು ಮೈದಾನಕ್ಕೆ ಇಳಿದರು. ಆ ಪಂದ್ಯ ಸೋತರು. ಆದರೆ ತಂಡ ಚೆದುರಲಿಲ್ಲ. ಕೊನೆಯ ಮೂರು ತಂಡಗಳಲ್ಲಿ ಒಂದಾಗಿ ಉಳಿಯಿತು. ಪೊಲೀಸರ ತನಿಖೆಗೂ ದ್ರಾವಿಡ್ ಸಹಕರಿಸಿದರು. ನೋಡುವವರ ನಂಬಿಕೆ ಹೋದರೆ ಆಟದಲ್ಲಿ ಏನೂ ಉಳಿಯುವುದಿಲ್ಲ ಎಂಬುದು ಅವರ ನಿಲುವಾಗಿತ್ತು.

ಅದೇ ತಂಡದಲ್ಲಿ ಇನ್ನೊಬ್ಬರಿದ್ದರು. ಅವರು ಮುಂಬಯಿಯ ಪ್ರವೀಣ್ ತಾಂಬೆ. ವಯಸ್ಸು 41. ಆ ವಯಸ್ಸಿಗೆ ಬಹಳ ಮಂದಿ ಆಟ ಬಿಟ್ಟಿರುತ್ತಾರೆ. ತಾಂಬೆ ಎಷ್ಟೋ ವರ್ಷ ಸಣ್ಣ ಸಣ್ಣ ಪಂದ್ಯಗಳಲ್ಲೇ ಆಡುತ್ತಾ ಅವಕಾಶಕ್ಕಾಗಿ ಕಾದಿದ್ದರು. ದೊಡ್ಡ ಪಂದ್ಯ ಒಂದನ್ನೂ ಆಡಿರಲಿಲ್ಲ. ದ್ರಾವಿಡ್ ನಾಯಕತ್ವದಲ್ಲಿ ಅವರಿಗೆ 2013ರ ಮೇ ತಿಂಗಳಲ್ಲಿ ಮೊದಲ ಅವಕಾಶ ಸಿಕ್ಕಿತು. ಅದೇ ವರ್ಷ ನಡೆದ ಚಾಂಪಿಯನ್ಸ್ ಲೀಗ್ ಪಂದ್ಯಾವಳಿಯಲ್ಲಿ ಐದು ಪಂದ್ಯಗಳಿಂದ 12 ವಿಕೆಟ್ ಪಡೆದು ಎಲ್ಲರಿಗಿಂತ ಮುಂದೆ ನಿಂತರು. ರಾಜಸ್ಥಾನ ತಂಡ ಅಂತಿಮ ಪಂದ್ಯದವರೆಗೂ ಹೋಯಿತು.

ಹಣಕ್ಕಾಗಿ ಆಟವನ್ನು ಮಾರಿದರು ಎಂಬ ಆರೋಪ ಒಂದು ಕಡೆ. ಆಡುವ ಆಸೆಯೊಂದಕ್ಕಾಗಿ ಇಪ್ಪತ್ತು ವರ್ಷ ಬೆವರು ಸುರಿಸಿದ ತಾಂಬೆ ಇನ್ನೊಂದು ಕಡೆ. ಎರಡೂ ಒಂದೇ ತಂಡದಲ್ಲಿ ನಡೆದದ್ದು. ದ್ರಾವಿಡ್ ಮುಂದೆ ಯುವಕರ ಮುಂದೆ ಮಾತನಾಡುವಾಗ ತಾಂಬೆಯವರ ಕಥೆಯನ್ನು ಹೆಮ್ಮೆಯಿಂದ ಹೇಳಿದ್ದಾರೆ.

ಸುಳ್ಳು ವಯಸ್ಸು

2015ರಲ್ಲಿ ದ್ರಾವಿಡ್ 19 ವರ್ಷದೊಳಗಿನ ಹುಡುಗರ ಭಾರತ ತಂಡಕ್ಕೆ ತರಬೇತುದಾರರಾದರು. ಅಲ್ಲಿ ಅವರು ಬೇರೊಂದು ಬಗೆಯ ಮೋಸವನ್ನು ಕಂಡರು. ಇದು ನಿಮ್ಮ ವಯಸ್ಸಿನವರಿಗೆ ಸಂಬಂಧಪಟ್ಟ ಮೋಸ. ಆದ್ದರಿಂದ ಗಮನವಿಟ್ಟು ಓದಿ.

ಮಕ್ಕಳ ಪಂದ್ಯಗಳಿಗೆ ವಯಸ್ಸಿನ ಮಿತಿ ಇರುತ್ತದೆ. ಕೆಲವರು ಸುಳ್ಳು ಜನನ ಪತ್ರ ಮಾಡಿಸಿ ಎರಡು ಮೂರು ವರ್ಷ ಕಡಿಮೆ ತೋರಿಸುತ್ತಾರೆ. 17 ವರ್ಷದ ಹುಡುಗ 14 ವರ್ಷದವರ ಜೊತೆ ಆಡಿದರೆ ಸುಲಭವಾಗಿ ಗೆಲ್ಲುತ್ತಾನೆ. ಅವನ ಕೈಕಾಲು ಬಲವಾಗಿರುತ್ತವೆ. ಆದರೆ ನಿಜವಾಗಿ 14 ವರ್ಷದ, ಚೆನ್ನಾಗಿ ಆಡುವ ಹುಡುಗನೊಬ್ಬನ ಜಾಗ ಹೋಗುತ್ತದೆ. ಅವನು ಆಟವನ್ನೇ ಬಿಟ್ಟುಬಿಡಬಹುದು. ಯಾರಿಗೂ ಕಾಣದ ಕಳವು ಇದು.

2015ರ ಡಿಸೆಂಬರ್ 1ರಂದು ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ನಡೆಯಿತು. ದ್ರಾವಿಡ್ ಅಲ್ಲಿ ಈ ವಿಷಯವನ್ನೇ ಎತ್ತಿಕೊಂಡರು. ವಯಸ್ಸು ಮುಚ್ಚಿಡುವುದೂ ಪಂದ್ಯ ಮಾರುವುದೂ ಒಂದೇ ಎಂಬ ಅರ್ಥದ ಮಾತನ್ನು ಹೇಳಿದರು. ತಂದೆತಾಯಿ ಮತ್ತು ಗುರುಗಳೇ ಸುಳ್ಳು ಪತ್ರ ಮಾಡಿಸಿದರೆ ಮಗು ಅವರಿಂದ ಏನು ಕಲಿಯುತ್ತದೆ? ಸುಳ್ಳನ್ನೇ ಕಲಿಯುತ್ತದೆ. ಮುಂದೆ ಜೂಜುಕೋರ ಬಂದು ಹಣ ತೋರಿಸಿದಾಗ ಬೇಡ ಎನ್ನುವ ಶಕ್ತಿ ಅದಕ್ಕೆ ಎಲ್ಲಿಂದ ಬಂದೀತು? ಇದು ಅವರ ಚಿಂತೆ. ಈಗ ಮಣಿಕಟ್ಟಿನ ಮೂಳೆಯ ಎಕ್ಸ್-ರೇ ತೆಗೆದು ಹುಡುಗರ ವಯಸ್ಸನ್ನು ಪರೀಕ್ಷಿಸುತ್ತಾರೆ. ಕಾಗದ ಸುಳ್ಳು ಹೇಳಬಹುದು, ಮೂಳೆ ಸುಳ್ಳು ಹೇಳುವುದು ಕಷ್ಟ!

ದ್ರಾವಿಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಬ್ಬ ಹುಡುಗ 19 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಒಂದೇ ಬಾರಿ ಆಡಲಿ ಎಂದರು. ಕ್ರಿಕೆಟ್ ಮಂಡಳಿ ಅದನ್ನು ಒಪ್ಪಿತು. 2016ರಲ್ಲಿ ಅವರ ತಂಡ ಅಂತಿಮ ಪಂದ್ಯದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಸೋತಿತ್ತು. ಆ ತಂಡದಲ್ಲಿದ್ದ ನಮ್ಮ ಚೆನ್ನೈನ ವಾಷಿಂಗ್ಟನ್ ಸುಂದರ್ 2018ರಲ್ಲೂ ಆಡುವ ವಯಸ್ಸಿನವರಾಗಿದ್ದರು. ಅನುಭವಿಗಳನ್ನೇ ಮತ್ತೆ ಕರೆದಿದ್ದರೆ ಗೆಲ್ಲುವುದು ಸುಲಭವಾಗುತ್ತಿತ್ತು. ಆದರೆ ಕಪ್ಪು ಗೆಲ್ಲುವುದಕ್ಕಿಂತ ಹೊಸ ಹುಡುಗರಿಗೆ ಬಾಗಿಲು ತೆರೆಯುವುದು ಮುಖ್ಯ ಎಂದು ದ್ರಾವಿಡ್ ಭಾವಿಸಿದರು. ಸುಂದರ್ 2017ರಲ್ಲೇ ದೊಡ್ಡವರ ಭಾರತ ತಂಡದಲ್ಲಿ ಆಡಿದರು. 2018ರ ಫೆಬ್ರವರಿ 3ರಂದು ನ್ಯೂಜಿಲೆಂಡಿನಲ್ಲಿ ಹೊಸ ಹುಡುಗರ ತಂಡ ಆಸ್ಟ್ರೇಲಿಯವನ್ನು ಸೋಲಿಸಿ ವಿಶ್ವಕಪ್ಪನ್ನೂ ಗೆದ್ದಿತು!

ಹಂಚಿ ತಿನ್ನುವ ಗುಣ

ಗೆದ್ದ ತಂಡಕ್ಕೆ ಕ್ರಿಕೆಟ್ ಮಂಡಳಿ ಬಹುಮಾನ ಘೋಷಿಸಿತು. ದ್ರಾವಿಡ್ ಅವರಿಗೆ 50 ಲಕ್ಷ ರೂಪಾಯಿ. ಪ್ರತಿ ಆಟಗಾರನಿಗೆ 30 ಲಕ್ಷ. ಅವರ ಜೊತೆ ದುಡಿದ ಸಹಾಯಕರಿಗೆ ತಲಾ 20 ಲಕ್ಷ. ದ್ರಾವಿಡ್ ಇದನ್ನು ಒಪ್ಪಲಿಲ್ಲ. ದುಡಿದದ್ದು ಎಲ್ಲರೂ, ಹಾಗಾದರೆ ತನಗೊಬ್ಬನಿಗೆ ಹೆಚ್ಚೇಕೆ ಎಂದು ಕೇಳಿದರು. ಕೊನೆಗೆ ದ್ರಾವಿಡ್ ಸೇರಿ ಎಲ್ಲ ತರಬೇತಿ ಸಿಬ್ಬಂದಿಗೂ ತಲಾ 25 ಲಕ್ಷ ಎಂದು ನಿರ್ಧಾರವಾಯಿತು. ಅವರ ಪಾಲು ಅರ್ಧವಾಯಿತು!

2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಲು ಮುಂದಾಯಿತು. ದ್ರಾವಿಡ್ ವಂದನೆ ಹೇಳಿ, ಕ್ರೀಡೆಯ ಬಗ್ಗೆ ಸಂಶೋಧನೆ ಮಾಡಿಯೇ ಪದವಿ ಪಡೆಯಲು ಇಷ್ಟಪಡುತ್ತೇನೆ ಎಂದು ತಿಳಿಸಿದರು. ತಾನು ದುಡಿಯದ ಹಣ ಬೇಡ, ತಾನು ಓದದ ಪದವಿ ಬೇಡ. ಎಂತಹ ಮಾತು!

2021ರ ನವೆಂಬರಿನಿಂದ ಅವರು ಭಾರತದ ಹಿರಿಯರ ತಂಡಕ್ಕೆ ತರಬೇತುದಾರರಾದರು. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ ಸೋತಾಗ ಕೋಟ್ಯಂತರ ಜನ ಅತ್ತರು. ದ್ರಾವಿಡ್ ಯಾರನ್ನೂ ದೂರಲಿಲ್ಲ. 2024ರ ಜೂನ್ 29ರಂದು ವೆಸ್ಟ್ ಇಂಡೀಸಿನ ಬಾರ್ಬಡೋಸಿನಲ್ಲಿ ಭಾರತ ದಕ್ಷಿಣ ಆಫ್ರಿಕಾವನ್ನು 7 ಓಟಗಳಿಂದ ಸೋಲಿಸಿ ಟಿ-20 ವಿಶ್ವಕಪ್ ಗೆದ್ದಿತು. ಅದೇ ವೆಸ್ಟ್ ಇಂಡೀಸಿನಲ್ಲಿ 2007ರಲ್ಲಿ ದ್ರಾವಿಡ್ ನಾಯಕರಾಗಿದ್ದಾಗ ಭಾರತ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಮರಳಿತ್ತು. ಹದಿನೇಳು ವರ್ಷಗಳ ನಂತರ ನೇರ ದಾರಿಯಲ್ಲೇ ಗೆಲುವು ಬಂದಿತು. ಆಗಲೂ ಅವರು 5 ಕೋಟಿ ರೂಪಾಯಿ ಬಹುಮಾನದ ಬದಲು ಜೊತೆಗಾರ ತರಬೇತುದಾರರಷ್ಟೇ, ಅಂದರೆ ಎರಡೂವರೆ ಕೋಟಿ ಸಾಕು ಎಂದರು.

ಮಕ್ಕಳೇ, ದ್ರಾವಿಡ್ ಮೋಸವನ್ನು ದೇಶದಿಂದ ಓಡಿಸಿಬಿಟ್ಟರು ಎಂದು ಹೇಳಲಾಗದು. ಒಬ್ಬರಿಂದ ಅದು ಆಗುವ ಕೆಲಸವಲ್ಲ. ಅವರು ಮಾಡಿದ್ದು ಇಷ್ಟೇ. ಬೇರೆಯವರಿಗೆ ಯಾವ ನಿಯಮ ಹೇಳಿದರೋ ಅದನ್ನೇ ತಮಗೂ ಇಟ್ಟುಕೊಂಡರು. ನಾಯಕ ಎಂದರೆ ಹೀಗಿರಬೇಕು.

ಈಗ ಮೊದಲಿನ ಪ್ರಶ್ನೆಗೆ ಬನ್ನಿ. ಚೆಂಡು ತಾಗಿದ್ದು ನಿಮಗೊಬ್ಬರಿಗೇ ಗೊತ್ತು. ಗೆಲ್ಲಲು ನಾಲ್ಕೇ ಓಟ ಬೇಕು. ಗೆಳೆಯರು ನಿಮ್ಮ ಮುಖ ನೋಡುತ್ತಿದ್ದಾರೆ. "ತಾಗಿತಾ?"

ನಾಳೆ ಬಯಲಿನಲ್ಲಿ ಉತ್ತರ ಹೇಳಿ.

ಪದಗಳ ಅರ್ಥ

ಅಂಚು – ಬದಿ, ತುದಿ
ಆಘಾತ – ದೊಡ್ಡ ಪೆಟ್ಟು
ಜೂಜುಕೋರ – ಹಣ ಪಣಕ್ಕಿಟ್ಟು ಆಡುವವನು
ನಿಷೇಧ – ಮಾಡಬಾರದೆಂಬ ತಡೆ
ಸಂಭಾವನೆ – ಕೆಲಸಕ್ಕೆ ಕೊಡುವ ಹಣ
ತನಿಖೆ – ವಿಚಾರಣೆ
ಸಂದೇಹ – ಅನುಮಾನ
ತಲಾ – ಒಬ್ಬೊಬ್ಬರಿಗೆ
ಮಣಿಕಟ್ಟು – ಅಂಗೈ ಮತ್ತು ತೋಳು ಸೇರುವ ಭಾಗ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಗೆಳೆಯರು ದ್ರಾವಿಡರನ್ನು 'ಜಾಮಿ' ಎಂದು ಏಕೆ ಕರೆಯುತ್ತಿದ್ದರು?
2. ದ್ರಾವಿಡರಿಗೆ ಆಟ ಕಲಿಸಿದ ಗುರುಗಳು ಯಾರು?
3. ಬರ್ಮಿಂಗ್‌ಹ್ಯಾಮಿನಲ್ಲಿ ಕೇಳಿಸಿದ ಸದ್ದು ಯಾವುದರದು?
4. ಹುಡುಗರ ವಯಸ್ಸನ್ನು ಈಗ ಹೇಗೆ ಪರೀಕ್ಷಿಸುತ್ತಾರೆ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸುಳ್ಳು ವಯಸ್ಸು ತೋರಿಸುವುದನ್ನು 'ಯಾರಿಗೂ ಕಾಣದ ಕಳವು' ಎಂದು ಏಕೆ ಹೇಳಿದೆ?
2. 2013ರಲ್ಲಿ ತಂಡಕ್ಕೆ ಕಷ್ಟ ಬಂದಾಗ ದ್ರಾವಿಡ್ ಏನು ಮಾಡಿದರು?
3. 2018ರ ಬಹುಮಾನದ ಹಣ ಹೇಗೆ ಬದಲಾಯಿತು?

ಇ) ಬಿಟ್ಟ ಸ್ಥಳಗಳನ್ನು ತುಂಬಿರಿ.
1. ಲಕ್ಷ್ಮಣ್ ಮತ್ತು ದ್ರಾವಿಡ್ ಕೋಲ್ಕತ್ತಾದಲ್ಲಿ ______ ಓಟಗಳ ಜೊತೆಯಾಟ ಆಡಿದರು.
2. ಪ್ರವೀಣ್ ತಾಂಬೆ ಮೊದಲ ಅವಕಾಶ ಪಡೆದಾಗ ಅವರ ವಯಸ್ಸು ______.
3. ಕಾಗದ ಸುಳ್ಳು ಹೇಳಬಹುದು, ______ ಸುಳ್ಳು ಹೇಳುವುದು ಕಷ್ಟ.

ಈ) ವಿರುದ್ಧ ಪದ ಬರೆಯಿರಿ.
ನಂಬಿಕೆ, ಗೆಲುವು, ಸುಲಭ, ಗೌರವ, ನಿಜ

ಉ) ಸ್ವಂತ ವಾಕ್ಯದಲ್ಲಿ ಬಳಸಿರಿ.
ತಾಳ್ಮೆ, ಹಿಂಜರಿ, ಪ್ರಾಮಾಣಿಕ, ಬೆವರು ಸುರಿಸು

ಊ) ಚಟುವಟಿಕೆ
1. ನಿಮ್ಮ ಗೆಳೆಯರ ತಂಡಕ್ಕೆ ಐದು ನಿಯಮಗಳನ್ನು ಎಲ್ಲರೂ ಸೇರಿ ಬರೆಯಿರಿ. ಅವು ತಂಡದ ನಾಯಕನಿಗೂ ಅನ್ವಯಿಸಬೇಕು.
2. ಆಟದಲ್ಲಿ ನಿಜ ಹೇಳಿ ಸೋತವರ ಅನುಭವವೊಂದನ್ನು ಮನೆಯ ಹಿರಿಯರಿಂದ ಕೇಳಿ ತಿಳಿದು ತರಗತಿಯಲ್ಲಿ ಹೇಳಿರಿ.